ಫೋಟೋದೊಳಗಿನ ಮರಿ

ವಾಸನೆ, ಸಿಹಿಯಾಗಿ, ತುಕ್ಕು ಹಿಡಿದ ಕಬ್ಬಿಣದ ಹಾಗೆ, ಮುಂದಿನ ಸೀಟಿನ ಮೆಣಸಿನಕಾಯಿ ಚೀಲದ್ದಿರಬಹುದು, ಇಲ್ಲ, ಡಬ್ಬಿಯದೇ, ನನ್ನ ತೊಡೆಯ ಮೇಲಿನ ರಟ್ಟಿನ ಡಬ್ಬಿಯದೇ, ತಳ ಒದ್ದೆಯಾಗಿ ಸೀರೆಗೆ ಇಳಿಯುತ್ತಿದೆ, ಬಸ್ಸು ಸಂಶಿ ಬಿಟ್ಟು ಇನ್ನೂ ಹತ್ತು ನಿಮಿಷ ಆಗಿಲ್ಲ. ಮರಿ ಬೆಳಿಗ್ಗೆಯಿಂದ ಎರಡು ಸಲ ಭೇದಿ ಮಾಡಿದೆ ಅಂತ ಧಣಿ ಹೇಮಂತನಿಗೆ ಹೇಳಿದೆ, ಗಟ್ಟಿಯಾಗಿ ಹೇಳಿದೆನೋ ಇಲ್ಲವೋ, ಅವನ ಮುಂದೆ ನನ್ನ ದನಿ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ, ಜಾಗಾ ಬದಲಾದ್ರ ಹಂಗ ಆಗತೈತಿ ನಂದಾ, ಕೊಟ್ಟು ಬಾ, ಕೊಟ್ಟ ಮ್ಯಾಲೆ ಅದು ಅವರ ನಾಯಿ ಅಂದ. ಮರಿ ಆಗಿನ್ನೂ ಬಾಗಿಲು ದಾಟಿರಲಿಲ್ಲ, ಜಾಗ ಬದಲಾದದ್ದು ಎಲ್ಲಿ? ಪ್ರಾಣಿಪ್ರೇಮಿಯಂತೆ, ಫೋನಿನಲ್ಲಿ ತನ್ನ ಹೆಸರಿನ ಕೆಳಗೆ ಹಾಗೆ ಬರೆದುಕೊಂಡಿದ್ದಾನೆ, ಹಣೆಗೆ ವಿಭೂತಿ, ಕೈಯಲ್ಲಿ ಎರಡು ಫೋನು, ಶೆಡ್ಡಿಗೆ ಕಾಲಿಡಬೇಕಾದರೆ ಮಾತ್ರ ಮೂಗಿಗೆ ಟವೆಲ್ಲು. ಅವರಪ್ಪ ಉಳ್ಳಾಗಡ್ಡಿ ಹರವಲು ಹಾಕಿಸಿದ ತಗಡಿನ ಶೆಡ್ಡು, ಅದಕ್ಕೆ ಜಾಳಿಗೆ ಹೊಡೆಸಿ ಎಂಟು ಖೋಲಿ ಮಾಡಿದ, ಖೋಲಿಗೊಂದು ಹೆಣ್ಣುನಾಯಿ, ಬೆದೆಗೆ ಬಂದಾಗಲೆಲ್ಲ ಗಂಡು ಬಿಡುವುದು, ಈದಾಗಲೆಲ್ಲ ಮಾರುವುದು. ಉಳ್ಳಾಗಡ್ಡಿಗಾದರೂ ಗಾಳಿ ಆಡಲಿ ಅಂತ ಆ ಮುದುಕ ಎರಡು ಕಿಂಡಿ ಬಿಡಿಸಿದ್ದ, ಬೊಗಳುವುದು ರಸ್ತೆಗೆ ಕೇಳಿಸುತ್ತದೆಂದು ಮಗ ಅವನ್ನೂ ಮುಚ್ಚಿಸಿದ.

ಕೊಳ್ಳುವವರು ಏನು ಕಡಿಮೆಯೇ? ಐದು ನೂರರ ಸೀರೆಗೆ ಮೂರು ಅಂಗಡಿ ಹತ್ತಿ ಇಳಿಯುತ್ತಾರೆ, ಅಂಚು ಜಗ್ಗಿ ನೋಡುತ್ತಾರೆ, ಬಣ್ಣ ಹೋಗುತ್ತದೇನು ಅಂತ ಒದ್ದೆ ಬೆರಳಿನಿಂದ ತಿಕ್ಕುತ್ತಾರೆ, ಜೀವವನ್ನಾದರೆ ಮಲಗಿದಲ್ಲಿಂದಲೇ ಹೆಬ್ಬೆರಳು ಒತ್ತಿ ತರಿಸಿಕೊಳ್ಳುತ್ತಾರೆ, ಒಬ್ಬನಿಗೆ ಸೋಫಾಕ್ಕೆ ಹೊಂದುವ ಬಣ್ಣ ಬೇಕಿತ್ತು, ಇನ್ನೊಬ್ಬಳಿಗೆ ದೊಡ್ಡದಾಗದ ಲ್ಯಾಬ್ರಡಾರ್. ಇವರಿಗೆಲ್ಲ ಉತ್ತರ ಬರೆಯುವವಳು ನಾನು, ನಂದಾ ಮೇಡಂ, ಹೆಣ್ಣಮಕ್ಕಳು ಮಾತಾಡಿದ್ರ ಮಂದಿ ಲಗೂನ ನಂಬತಾರ ಅಂತ ಹೇಮಂತ ಇಟ್ಟುಕೊಂಡದ್ದು. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ನಿಂತು ಸಂಜೆ ಕಾಲೇಜಿಗೆ ಹುಬ್ಬಳ್ಳಿಗೆ ಹೋಗಿ ಬಂದೆ, ಐದು ವರ್ಷ, ಬಿ.ಎ., ತಪ್ಪಿಲ್ಲದೆ ಬರೆಯುವುದನ್ನು ಕಲಿತೆ, ಕಲಿತು ಬರೆದದ್ದೇನು, ಮನೆಯಲ್ಲೇ ಮಕ್ಕಳಂತೆ ಬೆಳೆದ ಮರಿಗಳು. ತಾಯಿಯನ್ನು ತೋರಿಸಿ ಅಂದವರಿಗೆ ಹೇಮಂತ ತನ್ನ ಪಡಸಾಲೆಯ ನಾಯಿಯನ್ನು ವಿಡಿಯೊದಲ್ಲಿ ತೋರಿಸುತ್ತಾನೆ, ಶಾಂಪೂ ಹಾಕಿ ತೊಳೆದದ್ದು, ಒಮ್ಮೆಯೂ ಈಯದ್ದು, ಈ ಭಾಗದ ಮುನ್ನೂರು ಮರಿಗಳಿಗೆ ಅದೇ ತಾಯಿ. ಎಲ್ಲರಿಗೂ ಕಳಿಸುವ ಮರಿಯ ಫೋಟೋ ನನ್ನದು, ನಾನೇ ತೆಗೆದದ್ದು, ನಮ್ಮವ್ವನ ಕೌದಿಯ ಮೇಲೆ ಕೂರಿಸಿ, ಕಿವಿ ಒಂದು ಮಡಚಿ ಒಂದು ನೆಟ್ಟಗೆ, ನೋಡಿದವರೆಲ್ಲ ಇದೇ ಬೇಕು ಅಂದರು, ಇದೇ ಕೊಡತೇವ್ರಿ ಅಂದೆ, ಎಲ್ಲರಿಗೂ ಅಂದೆ. ಅದು ನಾಲ್ಕನೇ ದಿನಕ್ಕೆ ಸತ್ತಿತು. ಹೋದ ವರ್ಷ ಶ್ರಾವಣದಲ್ಲಿ. ಹುಬ್ಬಳ್ಳಿಯ ಈ ರಂಜನಾ ಮೇಡಂ, ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿರುವವರು, ಅದನ್ನೇ ನೋಡಿ ಹಣ ಹಾಕಿದ್ದಾರೆ, ಅವರ ಮಗಳು ಅಮೃತಾ ಅದಕ್ಕೆ ಲಡ್ಡು ಅಂತ ಹೆಸರಿಟ್ಟಿದ್ದಾಳೆ, ಲಡ್ಡುಗೆ ಬಸ್ಸಿನಲ್ಲಿ ತಲೆ ತಿರುಗುತ್ತದೇನ್ರಿ, ಲಡ್ಡು ಏನಾದರೂ ತಿಂದಿತೇನ್ರಿ, ಬೆಳಿಗ್ಗೆಯಿಂದ ಹನ್ನೊಂದು ಮೆಸೇಜು, ಎಂಥ ಮಂದಿ, ಸತ್ತದ್ದರ ಹೊಟ್ಟೆ ಹಸಿವು ಕೇಳುತ್ತಾರೆ — ಅವರಿಗೆ ಹೇಗೆ ಗೊತ್ತಿರಬೇಕು, ಹೇಳಬೇಕಾದವಳು ನಾನು.

ಬಾಜು ಕೂತ ರೇವವ್ವ, ನಮ್ಮ ಓಣಿಯವಳೇ, ಡಬ್ಬಿಯೊಳಗೆ ಇಣುಕಿದಳು. ಕೋಳಿ ಅಂತ ಮಾಡಿದ್ನಿ ಬೇ, ನಾಯಿಮರಿ, ಯಾಕ ಹಿಂಗ ಸೊರಗೇತಿ? ಏನೋ ಅಂದೆ, ಸೆಕೆ ಅಂದೆ. ನಮ್ಮ ಮನಿಯಾಗ ಮರಿ ಒಯ್ಯಾಕ ಬಂದವ್ರು ರೊಟ್ಟಿ ತರಬೇಕು, ತಾಯಿ ಮುಂದ ಇಟ್ಟು ಅದು ತಿನ್ನೂತನಕ ಕುಂದ್ರಬೇಕು, ಅದು ಉಂಡು ಎದ್ದು ಹೋದ ಮ್ಯಾಲೆ ಮರಿ ಎತ್ತಬೇಕು, ನೀ ರೊಟ್ಟಿ ಇಟ್ಟಿ? ಇಟ್ಟೇನ್ರಿ ಅಂದೆ. ಎಷ್ಟು ಸಲೀಸಾಗಿ ಬಂತು. ಹೇಮಂತನ ಮುಂದೆ ಏಳದ ದನಿ ಸುಳ್ಳಿಗೆ ಹೇಗೆ ಸರಾಗ ಏಳುತ್ತದೆ. ಇಡಲಿಲ್ಲ, ಮೂರನೇ ಖೋಲಿ, ಅದಕ್ಕೆ ಹೆಸರಿಲ್ಲ, ಮೂರನೇ ಖೋಲಿದು ಅಂತಲೇ ಕರೆಯುವುದು, ಎರಡು ವರ್ಷದಲ್ಲಿ ನಾಲ್ಕನೇ ಸೂಲು, ಹೊಟ್ಟೆ ನೆಲಕ್ಕೆ ತಾಗುತ್ತದೆ, ಮರಿ ಎತ್ತಿ ಡಬ್ಬಿಗೆ ಹಾಕಿ ಚಿಲಕ ಹಾಕುವಾಗ ಜಾಳಿಗೆಗೆ ಬಂತು, ಬೊಗಳಲಿಲ್ಲ, ಕಚ್ಚುತ್ತದೆ ಅಂದುಕೊಂಡೆ, ಕಚ್ಚಲಿಲ್ಲ, ನಾಲಗೆ ಹೊರಹಾಕಿ ನನ್ನ ಅಂಗೈ ನೆಕ್ಕಿತು, ಮರಿ ಹಿಡಿದಿದ್ದ ಅಂಗೈಯನ್ನು, ಪೂರ್ತಿ, ಮರಿಯನ್ನೇ ನೆಕ್ಕುವ ಹಾಗೆ.

ಕುಂದಗೋಳ. ಇಳಿದೆ. ಯಾಕೆ ಇಳಿದೆ, ಟಿಕೆಟ್ಟು ಹುಬ್ಬಳ್ಳಿಯದು, ರೇವವ್ವ ಏನೋ ಕೂಗಿದಳು, ಮರಿ ವಾಂತಿ ಮಾಡಿತ್ತು, ಹಳದಿ ನೊರೆ, ಅದಕ್ಕೇ ಇಳಿದೆನೇನೋ, ಧೈರ್ಯದಿಂದ ಇಳಿದವಳಲ್ಲ. ಕೇಳುತ್ತ ಕೇಳುತ್ತ ಪಶು ಆಸ್ಪತ್ರೆ, ಡಾಕ್ಟರು ಮರಿಯ ವಸಡು ಒತ್ತಿ ನೋಡಿದರು, ಬೆಳ್ಳಗಿತ್ತು, ನೋಡಿದ್ರ ಪಾರ್ವೊನ ಅನಸತೈತಿ, ಮರಿಗಳನ್ನ ಕೊಲ್ಲೂ ಜಡ್ಡು, ಲಸಿಕಿ ಪುಸ್ತಕ ಕೊಡ್ರಿ. ಕೊಟ್ಟೆ. ಎರಡು ಸಾಲು, ಎರಡು ತಾರೀಖು, ಓದಲು ಬಾರದಂಥ ಎರಡು ಸಹಿ, ಎಲ್ಲ ನನ್ನ ಕೈಬರಹ, ಒಂದೇ ಪೆನ್ನು, ಒಂದೇ ಮಧ್ಯಾಹ್ನ ಮೂವತ್ತು ಪುಸ್ತಕ ತುಂಬಿದ್ದೆ, ಸಾಲು ಸೊಟ್ಟ ಆಗಬಾರದೆಂದು ಸ್ಕೇಲು ಇಟ್ಟುಕೊಂಡು.

ಎರಡ ಸೂಜಿ ಆಗ್ಯಾವಲ್ರಿ ಇದಕ್ಕ, ಯಾವ ಡಾಕ್ಟರ್ ಹಾಕಿದ್ರು?

ಯಾರೂ ಹಾಕಿಲ್ರಿ. ನಾನ ಬರದೇನಿ.

ಅವರು ಬೈಯಲಿಲ್ಲ, ಬೈದಿದ್ದರೆ ಅಳಬಹುದಿತ್ತು, ಮರಿಯ ಮುಂಗಾಲಿನ ಕೂದಲು ಬೋಳಿಸಿ ಸಲೈನ್ ಹಚ್ಚುತ್ತ ಕೇಳಿದರು, ಅಲ್ಲಿ ಇನ್ನೂ ಎಷ್ಟದಾವ? ಇಪ್ಪತ್ತೊಂದು ಮರಿ ಅಂದೆ, ಎಂಟು ತಾಯಿ, ಊರು ಹೇಳಿದೆ, ಶೆಡ್ಡು ಹೇಳಿದೆ, ಹೇಮಂತನ ಪೂರ್ತಿ ಹೆಸರು ಹೇಳಿದೆ, ಅವರು ಬರೆದುಕೊಂಡರು, ಇದಿಷ್ಟು ಹನಿ ಇಳೀಲಿ, ಆಮ್ಯಾಲೆ ನೀವ ಮುಂದ ನಿಂತು ತೋರಸ್ಬೇಕ್ರಿ. ಕೆಲಸ ಹೋಯಿತು. ಹೋಗಲಿ, ಅದೊಂದು ಕೆಲಸವೇ. ಇನ್ನು ಆ ಓಣಿಯಲ್ಲಿ ಹೇಗೆ ಇರುವುದು. ಫೋನು, ರಂಜನಾ ಮೇಡಂ, ಎಲ್ಲಿದ್ದೀರಿ, ಬಸ್ ಬಂತು ನೀವು ಇಳೀಲೇ ಇಲ್ಲ, ಹಿಂದಿನಿಂದ ಹುಡುಗಿಯ ದನಿ, ಲಡ್ಡು ಬಂತೇನು ಮಮ್ಮಿ. ಚೆನ್ನಾಗಿ ಬರೆಯುವವಳು ನಾನು, ಮಾತು ಮಾತ್ರ ಕಲಿಯಲಿಲ್ಲ.

ಮೇಡಂ, ನೀವು ಹೆಸರಿಟ್ಟ ಮರಿ ಹೋದ ವರ್ಷನ ಸತ್ತೈತ್ರಿ.

ಹಂಗಾದ್ರ ನೀವು ತರಾಕತ್ತಿದ್ದು ಯಾವುದ್ರಿ? ಬ್ಯಾರೆದು, ಹೆಸರಿಲ್ರಿ ಇದಕ್ಕ, ಉಳಿತೈತೋ ಇಲ್ಲೋ ಗೊತ್ತಿಲ್ಲ. ಫೋನು ಕಟ್ಟಾಯಿತು, ಅವರು ಇಟ್ಟರೋ ನಾನು ಇಟ್ಟೆನೋ. ಡಾಕ್ಟರು ಕೂಗುತ್ತಿದ್ದಾರೆ, ಕೈ ತೊಳಕೋರಿ, ಬ್ಲೀಚಿಂಗ್ ನೀರಾಗ ತೊಳಕೋರಿ, ಇದು ಕೈಯಿಂದ ಬ್ಯಾರೆ ಮರಿಗಳಿಗೆ ಹರಡತೈತಿ. ಬಕೆಟ್ಟು ಇದೆ, ಮಗ್ಗಿದೆ, ತೊಳೆಯಬೇಕು, ತೊಳೆಯುತ್ತೇನೆ, ಬಗ್ಗಿದ್ದೇನೆ — ಜಾಳಿಗೆಯ ತೂತಿನಿಂದ ನಾಲಗೆ, ಬಿಸಿ, ಒರಟು, ಬೆರಳು ಬಿಟ್ಟು ಅಂಗೈ, ಮರಿಯ ಹೊಟ್ಟೆ ತಾಗಿದ್ದಷ್ಟೇ ಜಾಗ, ಅಷ್ಟೇ ಜಾಗ, ಮತ್ತೆ, ಮತ್ತೆ ಅಂಗೈ, ನಾಲಗೆ, ಅಂಗೈ