ಒಕ್ಸಿಮ್ ಅಜ್ಜಿಯ ಕೊಸರು ಉತ್ತರ

ಇಂಗ್ಲಿಷ್ ಪಾಸಾಯಿತು, ಗಣಿತ ಪಾಸಾಯಿತು, ವಿಜ್ಞಾನದಲ್ಲಂತೂ ಎಪ್ಪತ್ತೆರಡು ಬಂತು. ಕೈಕೊಟ್ಟದ್ದು ಕೊರಿಯನ್ ಭಾಷೆ ಒಂದೇ. ಹುಟ್ಟಿದಂದಿನಿಂದ ಬೇರೆ ಭಾಷೆಯಲ್ಲಿ ಮಾತೇ ಆಡದ, ಒಮ್ಮೆ ಬಾಯಿ ತೆರೆದರೆ ಯೊಸು ಬಂದರಿನ ಮೀನುಪೇಟೆಯಲ್ಲಿ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡದ ಒಕ್ಸಿಮ್, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ತನ್ನದೇ ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ನಗಬೇಡಿ ಎನ್ನುವುದಿಲ್ಲ, ಪೇಟೆಯವರೆಲ್ಲ ನಕ್ಕಾಗಿದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಪಕ್ಕದ ಅಂಗಡಿಯಲ್ಲಿ ಕಡಲಪಾಚಿ ಮಾರುವ ಬುಂಡೊ. ಅವಳು ಏಪ್ರಿಲ್‌ನಲ್ಲೇ ಎಲ್ಲ ವಿಷಯ ಮುಗಿಸಿದ್ದಳಾದ್ದರಿಂದ ನಗುವ ಹಕ್ಕು ಅವಳಿಗಿತ್ತು.

ಶಾಲೆ ಇದ್ದದ್ದು ಪೇಟೆಯ ಹಿಂದಿನ ಗಲ್ಲಿಯ ಅಕ್ಕಿ ಅಂಗಡಿಯ ಮಹಡಿಯಲ್ಲಿ. ಚಿಕ್ಕಂದಿನಲ್ಲಿ ಓದು ತಪ್ಪಿಹೋದ ಹೆಂಗಸರಿಗೆ ಅಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಮಿಡ್ಲ್ ಸ್ಕೂಲಿನ ಪಾಠ ಹೇಳಿ, ಏಪ್ರಿಲ್ ಮತ್ತು ಆಗಸ್ಟ್ ತಿಂಗಳಲ್ಲಿ ನಡೆಯುವ ಸರ್ಕಾರಿ ಪರೀಕ್ಷೆಗೆ ಕೂರಿಸುತ್ತಿದ್ದರು. ಹದಿನಾಲ್ಕು ಜನ ವಿದ್ಯಾರ್ಥಿನಿಯರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ ಐವತ್ತೆಂಟು. ಟೀಚರ್ ಪ್ಯೋಗೆ ಮೂವತ್ತು ತುಂಬಿ ಇನ್ನೂ ವರ್ಷವಾಗಿರಲಿಲ್ಲ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅರ್ಧ ತರಗತಿ ಏದುಸಿರು ಬಿಡುತ್ತಿತ್ತು, ಮೊದಲ ಐದು ನಿಮಿಷ ಪಾಠದ ಬದಲು ಮಂಡಿಯ ಸಮಾಚಾರವೇ ನಡೆಯುತ್ತಿತ್ತು.

ಮಂಡಿಯ ಮಾತು ಬಂದರೆ ಒಕ್ಸಿಮ್ ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಅವಳ ಮಂಡಿ ಕಲ್ಲುಗುಂಡಿನ ಹಾಗಿತ್ತು. ಆದರೆ ಗ್ವಾಂಗ್‌ಜುವಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಮಗ ಗಿಸೊಪ್‌ಗೆ ಅವಳು ಹೇಳಿದ್ದು, ಈ ಮೂರು ಮಧ್ಯಾಹ್ನ ಮಂಡಿನೋವಿಗೆ ಸೂಜಿ ಚುಚ್ಚಿಸಿಕೊಳ್ಳಲು ವೈದ್ಯರ ಹತ್ತಿರ ಹೋಗುತ್ತೇನೆ ಎಂದು. ಒಳ್ಳೆಯ ಹುಡುಗ, ನಂಬಿಬಿಟ್ಟ. ತಿಂಗಳಿಗೊಮ್ಮೆ ಮಂಡಿಗೆ ಅಂಟಿಸುವ ಔಷಧಿ ಪಟ್ಟಿಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದ. ತರಗತಿಯ ಹದಿಮೂರು ಜೊತೆ ಮಂಡಿಗಳು ಅವನ ಪುಣ್ಯದಲ್ಲೇ ಆ ಮೆಟ್ಟಿಲು ಹತ್ತುತ್ತಿದ್ದವು.

ಯಾಕೆ ಈ ಸುಳ್ಳು ಎಂದರೆ, ಅದರ ಹಿಂದೆ ಇನ್ನೊಂದು ದೊಡ್ಡ ಸುಳ್ಳಿತ್ತು. ಗಿಸೊಪ್ ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮನೆಯ ವಿವರ ಕೇಳುವ ಫಾರ್ಮ್ ಬಂದಿತ್ತು. ಮನೆಯಲ್ಲಿ ಫ್ರಿಜ್ ಇದೆಯೇ, ಟೀವಿ ಇದೆಯೇ, ತಂದೆ ತಾಯಿ ಎಷ್ಟು ಓದಿದ್ದಾರೆ. ಮೂರನೇ ಕ್ಲಾಸಿಗೇ ಚೀಲ ಕೆಳಗಿಟ್ಟು ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಒಕ್ಸಿಮ್, ಮಗನ ಪೆನ್ಸಿಲ್ ಆ ಸಾಲಿಗೆ ಬಂದಾಗ, ಮಿಡ್ಲ್ ಸ್ಕೂಲ್ ಅಂತ ಬರಿ ಎಂದುಬಿಟ್ಟಳು. ಅಷ್ಟೇ. ಆಡಿದ ಮಾತು ಬೆಳೆಯುತ್ತಲೇ ಹೋಯಿತು. ಮಗನ ಮದುವೆಯ ಮಾತುಕತೆಯಲ್ಲಿ ಬೀಗರ ಮುಂದೆಯೂ ಅದನ್ನೇ ಹೇಳಬೇಕಾಯಿತು, ಸೊಸೆ ಮಿರಾನ್ ಮುಂದೆಯೂ ಅದನ್ನೇ. ಯಾವ ಶಾಲೆ ಎಂದು ಯಾರಾದರೂ ಕೇಳಿದರೆ ಒಕ್ಸಿಮ್‌ಗೆ ತಟ್ಟನೆ ಒಲೆಯ ಮೇಲಿನ ಸಾರು ನೆನಪಾಗುತ್ತಿತ್ತು. ಸಾಯುವುದರೊಳಗೆ ಆ ಸುಳ್ಳನ್ನು ನಿಜ ಮಾಡಿಬಿಡಬೇಕು, ಮಗನಿಗೆ ಗೊತ್ತಾಗುವುದರೊಳಗೆ ಮಾಡಿಬಿಡಬೇಕು. ಅವಳಿಗೆ ಬೇಕಾಗಿದ್ದದ್ದು ಇದೊಂದೇ. ಅದಕ್ಕೆ ಅಡ್ಡಗಾಲು ಹಾಕಿದ್ದು ಈ ಹಾಳು ಕೊರಿಯನ್ ಪರೀಕ್ಷೆ.

ಆಗಸ್ಟ್ ಪರೀಕ್ಷೆಗೆ ಒಂದು ತಿಂಗಳಿರುವಾಗ ಪುನರಾವರ್ತನೆ ಶುರುವಾಯಿತು. ಟೀಚರ್ ಪ್ಯೋ ಮಾದರಿ ಪರೀಕ್ಷೆ ಮಾಡಿದಳು. ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಸರಿಯಾದ ಒಂದರ ಎದುರಿನ ಸೊನ್ನೆಯನ್ನು ಕಪ್ಪು ಪೆನ್ನಿನಿಂದ ತುಂಬಬೇಕು. ಹದಿನೈದು ಸರಿಯಾದರೆ ಅರವತ್ತು ಅಂಕ, ಪಾಸು. ಒಕ್ಸಿಮಳ ಹಾಳೆ ಹಿಡಿದು ಟೀಚರ್ ಬಹಳ ಹೊತ್ತು ನೋಡಿದಳು. ಒಂಬತ್ತು ಪ್ರಶ್ನೆಗಳಿಗೆ ಎರಡೆರಡು ಸೊನ್ನೆ ತುಂಬಿದ್ದವು.

ಇದೇನಮ್ಮ ಎಂದು ಕೇಳಿದರೆ ಒಕ್ಸಿಮ್‌ಗೇ ಆಶ್ಚರ್ಯ. ಐವತ್ತು ವರ್ಷ ಒಣಗಿದ ನೆತ್ತೋಲಿ ಮೀನು ಮಾರಿದ ಕೈ ಅದು. ತೂಕಕ್ಕೆ ಸರಿಯಾಗಿ ಹಾಕಿ ಸುಮ್ಮನಾದರೆ ಗಿರಾಕಿ ಮೂಗು ಮುರಿಯುತ್ತಾನೆ, ಮೇಲೊಂದು ಹಿಡಿ ಕೊಸರು ಬೀಳಲೇಬೇಕು. ಉತ್ತರವನ್ನೂ ಅವಳು ಹಾಗೆಯೇ ಕೊಟ್ಟಿದ್ದಳು, ಒಂದು ಸರಿಯಾದದ್ದು, ಮೇಲೊಂದು ಕೊಸರು. ಒಂದೇ ಕೊಟ್ಟರೆ ಜಿಪುಣಿ ಅಂದುಕೊಳ್ಳುವುದಿಲ್ಲವೇ?

"ಗಣಿತದಲ್ಲಿ ಹೀಗೆ ಮಾಡಿರಲಿಲ್ವಲ್ಲ ನೀವು," ಎಂದಳು ಟೀಚರ್.

"ಲೆಕ್ಕಕ್ಕೆ ಎಲ್ಲಿಯ ಕೊಸರು ಟೀಚರೇ? ಲೆಕ್ಕ ಅಂದ್ರೆ ಲೆಕ್ಕ. ಇದು ಮಾತಲ್ವಾ?"

ಹಿಂದಿನ ಬೆಂಚಿನಿಂದ ಬುಂಡೊ ಕಿಸಕ್ಕನೆ ನಕ್ಕಳು. ಪಾಸಾದ ಮೇಲೂ ಅವಳು ತರಗತಿಗೆ ಬರುತ್ತಿದ್ದಳು, ಸುಮ್ಮನೆ ಕೇಳಿಸಿಕೊಳ್ಳಲು ಎನ್ನುತ್ತಿದ್ದಳು. ಉತ್ತರ ಓದುವುದು ಮಷಿನ್, ಎರಡು ಕಪ್ಪು ಕಂಡರೆ ಅದು ಎರಡನ್ನೂ ಕಸಕ್ಕೆ ಎಸೆಯುತ್ತದೆ ಎಂದು ಟೀಚರ್ ವಿವರಿಸಿದಳು. ಗಿಸೊಪನ ಅಮ್ಮ ಆ ಮಷಿನ್ನಿಗೂ ಒಂದು ಹಿಡಿ ಮೀನು ಕೊಟ್ಟು ನೋಡಲಿ ಎಂದು ಬುಂಡೊ ಸಲಹೆ ಕೊಟ್ಟಳು.

ಆದರೆ ಇಷ್ಟು ಹೇಳಿದರೆ ನಿಲ್ಲುವ ರೋಗವೇ ಅದು? ಒಂದು ಗದ್ಯದಲ್ಲಿ ತಾಯಿಯೊಬ್ಬಳು ಹೊತ್ತು ಮೀರಿ ಬಂದ ಮಗಳನ್ನು ಬಾಗಿಲಲ್ಲೇ ಬೈಯುತ್ತಾಳೆ. ತಾಯಿಯ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಸಿಟ್ಟು ಎಂಬುದನ್ನೂ ಕಾಳಜಿ ಎಂಬುದನ್ನೂ ಒಕ್ಸಿಮ್ ತುಂಬಿದಳು. ಕಾಳಜಿ ಇಲ್ಲದೆ ಯಾವ ತಾಯಿಗೆ ಸಿಟ್ಟು ಬರುತ್ತದೆ, ನಿಮಗಿನ್ನೂ ಮದುವೆಯಾಗಿಲ್ಲ, ಗೊತ್ತಾಗುವುದಿಲ್ಲ ಎಂದು ಟೀಚರಿಗೇ ಸಮಾಧಾನ ಹೇಳಿದಳು. ಇನ್ನೊಂದು ಗದ್ಯ ನೆತ್ತೋಲಿ ಮೀನಿನದೇ. ಮೀನನ್ನು ದಡಕ್ಕೆ ತಂದ ಮೇಲೆ ಕುದಿಸುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಒಕ್ಸಿಮ್ ಪೆನ್ನನ್ನು ಠಪ್ಪೆಂದು ಕೆಳಗಿಟ್ಟಳು. ಹಿಡಿದ ತಕ್ಷಣ ದೋಣಿಯಲ್ಲೇ ಕುದಿಸಬೇಕು, ದಡಕ್ಕೆ ಬರುವವರೆಗೆ ಕಾದರೆ ಹೊಟ್ಟೆ ಒಡೆದು ಮೀನು ನಾಯಿಗೂ ಬೇಡವಾಗುತ್ತದೆ, ಇದನ್ನು ಬರೆದ ಮಹಾನುಭಾವ ಯಾರು, ಅವನ ಫೋನ್ ನಂಬರ್ ಕೊಡಿ. ಗದ್ಯ ಹೇಳಿದ ಉತ್ತರಕ್ಕೆ ಒಂದು ಕಪ್ಪು, ನಿಜವಾದ ಉತ್ತರಕ್ಕೆ ಇನ್ನೊಂದು ಕಪ್ಪು.

ವ್ಯಾಕರಣದಲ್ಲಿ ಗೌರವದ ಮಾತಿನ ಪಾಠ ಬಂದಾಗ ಇನ್ನೊಂದು ಫಜೀತಿ. ತಪ್ಪು ವಾಕ್ಯ ಹುಡುಕಿ ಎಂದರೆ ಅವಳಿಗೆ ಒಂದೂ ಸಿಗಲಿಲ್ಲ. ಗಿರಾಕಿಗೆ ಮರ್ಯಾದೆ ಕೊಟ್ಟೂ ಕೊಟ್ಟೂ, ಇವತ್ತು ಮೀನು ಬಹಳ ತಾಜಾ ಆಗಿದ್ದಾರೆ, ದೊಡ್ಡ ಪೊಟ್ಟಣ ಈಗ ತಾನೇ ಬಂದಿದ್ದಾರೆ ಎನ್ನುವ ಅಭ್ಯಾಸ ಪೇಟೆಗೆಲ್ಲ ಇತ್ತು. ಸತ್ತ ಮೀನಿಗೆ ಬಹುವಚನ ಬೇಡಮ್ಮ ಎಂದು ಟೀಚರ್ ಕೈಮುಗಿದಳು.

ಕೊನೆಗೆ ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಟೀಚರ್ ಅವಳನ್ನು ಕೂರಿಸಿಕೊಂಡಳು. ಗದರಲಿಲ್ಲ. ಯಾವ ಉತ್ತರ ಕೊಟ್ಟರೂ ಅದು ಗದ್ಯದ ಯಾವ ಸಾಲಿನಲ್ಲಿದೆ ಎಂದು ತೋರಿಸಬೇಕು, ತೋರಿಸಲಾಗದ್ದಕ್ಕೆ ಪೆನ್ನು ಮುಟ್ಟಿಸಬಾರದು ಎಂದು ಕರಾರು ಹಾಕಿದಳು.

"ಬರೆದವನಿಗೆ ಏನೂ ಗೊತ್ತಿಲ್ದೇ ಇದ್ರೆ?" ಎಂದಳು ಒಕ್ಸಿಮ್.

"ಗೊತ್ತಿಲ್ದೇ ಇರ್ಲಿ ಅಮ್ಮ. ಅವನೇನು ಹೇಳಿದಾನೆ ಅಂತ ಪೂರ್ತಿ ಕೇಳಿಸ್ಕೊಳ್ಳಿ ಮೊದ್ಲು. ಜಗಳ ಆಮೇಲೆ ಆಡಿ. ನೀವು ಅವನ ಬಾಯಿಗೂ ನಿಮ್ಮ ಮಾತೇ ತುರುಕ್ತಿದೀರಿ."

ಇದು ಒಕ್ಸಿಮ್‌ಗೆ ನಾಟಿತು. ಬೇಸರವೂ ಆಯಿತು, ಯಾಕೆಂದರೆ ನಿಜವಾಗಿತ್ತು. ಅಂದಿನಿಂದ ಅಂಗಡಿಯಲ್ಲಿ ಕೂತೇ ಗದ್ಯ ಓದಿದಳು, ಸಾಲಿನ ಕೆಳಗೆ ಬೆರಳಿಟ್ಟು, ಒಳಗೊಳಗೇ ಕುದಿಯುತ್ತ. ಕೊಸರು ಹಾಕಬೇಕೆಂದು ಕೈ ತುರಿಸಿದಾಗಲೆಲ್ಲ ಎದುರಿಗೆ ಬಂದ ಗಿರಾಕಿಯ ಪೊಟ್ಟಣಕ್ಕೆ ಎರಡು ಹಿಡಿ ಸುರಿದುಬಿಡುತ್ತಿದ್ದಳು. ಆ ತಿಂಗಳು ಅವಳ ಗಿರಾಕಿಗಳು ತುಂಬ ಸುಖಪಟ್ಟರು.

ಪರೀಕ್ಷೆಯ ದಿನ ಅವಳು ಒಂದೊಂದೇ ಸೊನ್ನೆ ತುಂಬಿದಳು. ಹನ್ನೊಂದನೆಯ ಪ್ರಶ್ನೆಯಲ್ಲಿ ಎರಡನೇ ಉತ್ತರವನ್ನು ಖಾಲಿ ಬಿಡುವಾಗ, ಬಾಗಿಲಿಗೆ ಬಂದವರನ್ನು ಊಟಕ್ಕೆ ಕರೆಯದೆ ಕಳಿಸಿದಷ್ಟು ಸಂಕಟವಾಯಿತು. ಆದರೂ ಬಿಟ್ಟಳು. ಆಗಸ್ಟ್ ಕೊನೆಗೆ ಫಲಿತಾಂಶ ಬಂತು. ಅರವತ್ತನಾಲ್ಕು.

ಮೀನುಪೇಟೆಯಲ್ಲಿ ಅವತ್ತು ಯಾರೂ ವ್ಯಾಪಾರ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಯಾರೂ ಮನಸ್ಸಿಟ್ಟು ಮಾಡಲಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಒಕ್ಸಿಮ್ ಅದನ್ನು ಎದೆಗೊತ್ತಿಕೊಂಡು, ಇನ್ನು ನಾನು ಮಗನ ಮುಂದೆ ಸುಳ್ಳಿ ಅಲ್ಲ ಎಂದು ಹಾಯಾಗಿ ಉಸಿರುಬಿಟ್ಟಳು. ಬುಂಡೊ ಕಾಗದ ಇಸಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಓದಿ ಅರ್ಥ ಮಾಡ್ಕೊಳ್ಳೋ ಪರೀಕ್ಷೆ ಪಾಸಾಗಿದೀಯ, ಕೆಳಗಡೆ ತಾರೀಕು ಓದಿದ್ಯೇನೇ?"

ಒಕ್ಸಿಮ್ ಓದಿದಳು. ಎರಡು ಸಾವಿರದ ಇಪ್ಪತ್ತೈದು, ಈ ವರ್ಷ, ಕೆಂಪು ಮೊಹರಿನ ಪಕ್ಕದಲ್ಲೇ. ಸುಳ್ಳನ್ನು ನಿಜ ಮಾಡಲು ತಂದ ಕಾಗದವೇ ಅದು ಸುಳ್ಳೆಂದು ಸಾಕ್ಷಿ ಹೇಳುತ್ತಿತ್ತು. ಎರಡು ವರ್ಷ ಒದ್ದಾಡಿದವಳಿಗೆ ಇದೊಂದು ಹೊಳೆದಿರಲಿಲ್ಲವಲ್ಲ! ಬುಂಡೊ ಕೂಡ ಆಗ ನಗಲಿಲ್ಲ. ಒಕ್ಸಿಮ್ ಕಾಗದವನ್ನು ಲಕೋಟೆಯಲ್ಲಿ ಹಾಕಿ, ಮನೆಯ ಕಪಾಟಿನ ಖಾನೆಯಲ್ಲಿ ಎಲ್ಲದರ ಕೆಳಗೆ ತಳ್ಳಿದಳು.

ಸುಗ್ಗಿಯ ಚುಸೊಕ್ ಹಬ್ಬಕ್ಕೆ ಮಗ ಸೊಸೆ ಬಂದರು. ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿಸಿ, ಅಕ್ಕಿ ಕಡುಬಿನ ತಟ್ಟೆ ನಡುವೆ ಇಟ್ಟುಕೊಂಡು ಕೂತಿದ್ದರು. ಮಿರಾನ್ ಹೊಸದಾಗಿ ತಂದ ಮಂಡಿಪಟ್ಟಿಗಳನ್ನು ಇಡಲೆಂದು ಕಪಾಟಿನ ಖಾನೆ ಎಳೆದಳು. ಅಲ್ಲಿ ತರಗತಿಗೆ ಹಂಚಿ ಉಳಿದ ಹಳೆಯ ಪೆಟ್ಟಿಗೆಗಳೇ ತುಂಬಿದ್ದವು. ಅವನ್ನೆಲ್ಲ ಹೊರಗೆ ತೆಗೆದಾಗ ಲಕೋಟೆಯೂ ಬಂತು.

"ಅತ್ತೆ, ಇದೇನೋ ಮೊಹರಿನ ಕಾಗದ ಇದ್ದ ಹಾಗಿದೆ," ಎನ್ನುತ್ತ ಅದನ್ನು ತೆರೆಯದೆ ಗಂಡನ ಕೈಗೆ ಕೊಟ್ಟಳು.

ಒಕ್ಸಿಮ್ ಏಳಲು ಹೋದಳು. ಕಲ್ಲುಗುಂಡಿನಂಥ ಮಂಡಿ ಆ ಗಳಿಗೆಯಲ್ಲಿ ನಿಜವಾಗಿಯೂ ಏಳಲಿಲ್ಲ. ಗಿಸೊಪ್ ಕಾಗದ ಬಿಡಿಸಿ ನೋಡಿದ. ನೋಡುತ್ತಲೇ ಇದ್ದ. ಅವನ ಮುಖದಲ್ಲಿ ಏನಿದೆ ಎಂದು ಓದಲು ಒಕ್ಸಿಮ್‌ಗೆ ಧೈರ್ಯವಾಗಲಿಲ್ಲ. ಏನಂತೆ ಎಂದು ಮಿರಾನ್ ಕೇಳಿದಳು.

"ಅಮ್ಮನ ಮಿಡ್ಲ್ ಸ್ಕೂಲ್ ಸರ್ಟಿಫಿಕೇಟು," ಎಂದ ಗಿಸೊಪ್, ಏನೂ ಆಗದವನ ಹಾಗೆ. ಆಮೇಲೆ ಗಟ್ಟಿಯಾಗಿ ಓದಿದ. ಹೆಸರು ಓದಿದ, ಹುಟ್ಟಿದ ದಿನ ಓದಿದ, ಮೇಲ್ಕಂಡವರು ಮಿಡ್ಲ್ ಸ್ಕೂಲ್ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ ಎಂದು ಓದಿದ. "ಸಾವಿರದ ಒಂಬೈನೂರ ಅರವತ್ತೊಂಬತ್ತು," ಎಂದು ಓದಿ ಕಾಗದ ಮಡಚಿದ.

ಮಿರಾನ್ ತಲೆಯಾಡಿಸಿ ಕಡುಬು ಕೈಗೆತ್ತಿಕೊಂಡಳು. ಎಲ್ಲ ಅಲ್ಲಿಗೆ ಮುಗಿದುಹೋಗುತ್ತಿತ್ತು. ಒಕ್ಸಿಮ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಆ ಹಳೆಯ ಸುಳ್ಳೇ ಮೊಹರು ಒತ್ತಿಸಿಕೊಂಡು ಸುಖವಾಗಿ ಇರುತ್ತಿತ್ತು.

"ತಪ್ಪು," ಎಂದಳು ಒಕ್ಸಿಮ್. "ಮತ್ತೆ ಓದು."

ಗಿಸೊಪ್ ಕಣ್ಣಲ್ಲೇ ಸನ್ನೆ ಮಾಡಿದ, ಸುಮ್ಮನಿರಮ್ಮ ಎಂದು. ಒಕ್ಸಿಮ್ ಸುಮ್ಮನಿರಲಿಲ್ಲ. ಅಲ್ಲಿ ಏನು ಬರೆದಿದೆಯೋ ಅದನ್ನೇ ಓದು, ನಿನ್ನ ಮಾತು ಸೇರಿಸಬೇಡ ಎಂದಳು. ಅವನು ಕಾಗದ ಬಿಡಿಸಿ, ನಿಧಾನವಾಗಿ, ಎರಡು ಸಾವಿರದ ಇಪ್ಪತ್ತೈದು ಎಂದು ಓದಿದ. ಮಿರಾನ್ ಕೈಯ ಕಡುಬು ಬಾಯಿಗೆ ಹೋಗಲಿಲ್ಲ.

"ಹಾಗಾದ್ರೆ ಅತ್ತೆ, ಮಂಡಿ?" ಎಂದಳು.

ಮಂಡಿ ಚೆನ್ನಾಗಿದೆ ಎಂದು ಒಕ್ಸಿಮ್ ತಲೆ ತಗ್ಗಿಸಿ ಒಪ್ಪಿಕೊಂಡಳು. ಮೂರನೇ ಕ್ಲಾಸಿನಿಂದ ಹಿಡಿದು ಮೊನ್ನೆಯ ಅರವತ್ತನಾಲ್ಕರವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಗ ಬೈದರೆ ಬೈಯಲಿ ಎಂದುಕೊಂಡಳು. ಅವನು ಬೈಯಲಿಲ್ಲ.

"ನಂಗೆ ಗೊತ್ತಿತ್ತಮ್ಮ," ಎಂದ. "ಚಿಕ್ಕೋನಿದ್ದಾಗ ನೀನು ನನ್ನನ್ನ ಅಂಗಡಿ ಹಿಂದೆ ಕೂರಿಸಿ ದಿನಾ ಜೋರಾಗಿ ಪಾಠ ಓದಿಸ್ತಿದ್ದೆ ನೋಡು. ಒಂದಿನ ಆಟಕ್ಕೆ ಹೋಗೋ ಅವಸರದಲ್ಲಿ ಬಾಯಿಗೆ ಬಂದಿದ್ದೆಲ್ಲ ಸೇರಿಸಿ ಓದಿದೆ. ನೀನು ಪುಸ್ತಕಾನೇ ನೋಡ್ತಾ ಇದ್ದೆ. ಓದಿ ಮುಗಿಸಿದ್ಮೇಲೆ ಭೇಷ್ ಅಂದೆ."

ಒಕ್ಸಿಮ್‌ಗೆ ನೆನಪಿರಲಿಲ್ಲ. ಯಾವ ದಿನ ಭೇಷ್ ಅಂದಿರಲಿಲ್ಲ ಅವಳು?

"ಅವತ್ತಿಂದ ಒಂದಕ್ಷರ ತಪ್ಪು ಓದಿಲ್ಲ ನಾನು," ಎಂದ ಗಿಸೊಪ್. "ನಾನು ತಪ್ಪು ಓದಿದ್ರೆ ನೀನು ತಪ್ಪೇ ಕಲ್ತುಬಿಡ್ತೀಯ ಅಂತ ಹೆದರ್ಕೊಂಡಿದ್ದೆ."

ಒಕ್ಸಿಮ್ ಅಳುತ್ತಿದ್ದಳು, ಮುಚ್ಚಿಡಲೂ ಇಲ್ಲ. ಮೂಗು ಒರೆಸಿಕೊಂಡು, ಅಂದರೆ ಅವತ್ತಿನ ಮೇಲೆ ಇಷ್ಟು ವರ್ಷದಲ್ಲಿ ಇವತ್ತೇ ಮೊದಲ ಸಲವೋ ತಪ್ಪು ಓದಿದ್ದು ಎಂದು ಕೇಳಿದಳು.

"ಇವತ್ತೇ ಮೊದಲ ಸಲ," ಎಂದ ಮಗ. "ಹಿಡಿದುಬಿಟ್ಟೆಯಲ್ಲಮ್ಮ."