ಗುರುಪಾದಪ್ಪನವರ ಕಾಲ ಕೆಳಗೆ

ನಾನು ಒಂದು ಸ್ಟೂಲು. ಹುಬ್ಬಳ್ಳಿಯ ಪತ್ರಿಕಾ ಕಚೇರಿಯೊಂದರಲ್ಲಿ ಅಚ್ಚುಮೊಳೆಗಳ ಕಾಲ ಮುಗಿದು, ಅವನ್ನಿಡುತ್ತಿದ್ದ ಸಾಗವಾನಿ ಖಾನೆಗಳನ್ನು ಹಿತ್ತಲಿಗೆ ಹಾಕಿದಾಗ, ಆ ಹಲಗೆಗಳಿಂದ ನನ್ನನ್ನು ಮಾಡಿದವರು ಅಲ್ಲಿಯ ಛಾಯಾಗ್ರಾಹಕ ಗುರುಪಾದಪ್ಪ ಬಡಿಗೇರ. ಅವರು ಕುಳ್ಳಗಿದ್ದರು. ಗುಂಪಿನಲ್ಲಿ ಅವರ ಕ್ಯಾಮೆರಾಕ್ಕೆ ಬರೀ ಬೆನ್ನುಗಳೇ ಸಿಗುತ್ತಿದ್ದವು.

ಇಪ್ಪತ್ತಾರು ವರ್ಷ ಅವರ ಸ್ಕೂಟರಿನಲ್ಲಿ ಊರೆಲ್ಲ ತಿರುಗಿದೆ. ಹಿಂದೆ ಕೂರುತ್ತಿದ್ದ ವರದಿಗಾರ್ತಿ ವನಮಾಲಾ ಕಟ್ಟಿಯವರ ತೊಡೆಯೇ ನನ್ನ ಜಾಗ. ನನ್ನ ಮೇಲೆ ಹತ್ತುವ ಮೊದಲು ಗುರುಪಾದಪ್ಪ ಚಪ್ಪಲಿ ಕಳಚುತ್ತಿದ್ದರು. ಚಿತ್ರ ಸಿಕ್ಕೊಡನೆ ಇಳಿದು, ನಿಂತು ಸುಸ್ತಾದ ಯಾರಾದರೂ ಅಜ್ಜಿಯನ್ನು ಕೂರಿಸುತ್ತಿದ್ದರು. ಒಮ್ಮೆ ಬೇರೆ ಪತ್ರಿಕೆಯವನಿಗೂ ನನ್ನನ್ನು ಕೊಟ್ಟರು. ಮರುದಿನ ಅವನ ಚಿತ್ರವೇ ಚೆನ್ನಾಗಿತ್ತು. ಸಂಪಾದಕರು ಸಿಟ್ಟಾದಾಗ ಗುರುಪಾದಪ್ಪ, “ಎತ್ತರ ನನ್ನ ಸ್ವಂತದ್ದೇನ್ರಿ? ಸ್ಟೂಲಿಂದು” ಎಂದರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ.

ಸಂತಾಪ ಸಭೆಗೆ ಅವರ ಚಿತ್ರ ಒದಗಿಸುವ ಕೆಲಸ ವನಮಾಲಾ ಅವರ ಪಾಲಿಗೆ ಬಂತು. ಕ್ಲಿಕ್ ಎಂದರೆ ಒಂದು ಕಣ್ಣು ಮುಚ್ಚಿ ರೂಢಿಯಾದ ಮನುಷ್ಯ. ಇನ್ನೊಬ್ಬರು ಅವರ ಫೋಟೋ ತೆಗೆದರೆ ಎರಡೂ ಮುಚ್ಚಿಹೋಗುತ್ತಿದ್ದವು. ಸಿಕ್ಕ ಚಿತ್ರಗಳೆಲ್ಲ ಹಾಗೆಯೇ ಇದ್ದವು. ಅವರ ಹೆಂಡತಿ ಕಾಳಮ್ಮ ಅವನ್ನು ಹಿಂದಕ್ಕೆ ಸರಿಸಿದರು.

“ಈಗ ಇಂಥಾದ್ದಕ್ಕ ಮಾಲಿ ಹಾಕಿದ್ರ ನಂಗ ತಡಕೊಳ್ಳಾಕ ಆಗಂಗಿಲ್ರಿ, ಬಾಯಾರ. ಬ್ಯಾರೆ ಒಂದು ಹುಡುಕ್ರಿ.”

ಸಭೆಗೆ ಒಂದೇ ದಿನವಿತ್ತು. ವನಮಾಲಾ ಕಚೇರಿಯಲ್ಲಿ ನನ್ನ ಮೇಲೆಯೇ ಕುಳಿತು ಹಳೆಯ ಡಬ್ಬಿಗಳನ್ನು ಬಿಚ್ಚಿದರು. ತಿರಸ್ಕೃತ ಚಿತ್ರಗಳ ನಡುವೆ ಒಂದು ಸಿಕ್ಕಿತು. ಸಂಜೆಯ ಮೈದಾನದಲ್ಲಿ ಶಾಲೆಯ ಹುಡುಗಿಯರು ಓಡುತ್ತಿದ್ದಾರೆ. ಸೂರ್ಯ ಬೆನ್ನಿಗಿದ್ದುದನ್ನು ಮರೆತು ತೆಗೆದದ್ದು. ಹುಲ್ಲಿನ ಮೇಲೆ ಗುರುಪಾದಪ್ಪನವರ ನೆರಳು ನೀಳವಾಗಿ ಬಿದ್ದಿದೆ. ಕಣ್ಣಿಗೆ ಹಿಡಿದ ಕ್ಯಾಮೆರಾ, ಎತ್ತಿದ ಮೊಣಕೈ, ಕೆಳಗೆ ನನ್ನ ನಾಲ್ಕು ಕಾಲು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರೇ ಬರೆದಿದ್ದರು: ನೆರಳು ಬಿತ್ತು, ತಪ್ಪು ನನ್ನದು.

ಕಾಳಮ್ಮ ಅದನ್ನು ಬಹಳ ಹೊತ್ತು ನೋಡಿದರು. ನೆರಳಿನ ಮೊಣಕೈಯನ್ನು ಬೆರಳಿನಿಂದ ಮುಟ್ಟಿದರು.

“ಎಚ್ಚರ ಅದಾರ ನೋಡ್ರಿ,” ಎಂದರು. “ಇದೇ ಇರಲಿ.”

ಸಭೆಯಲ್ಲಿ ಆ ಚಿತ್ರವನ್ನು ನನ್ನ ಮೇಲಿಟ್ಟರು. ಮಾಲೆ ನೆರಳಿನ ಕ್ಯಾಮೆರಾಕ್ಕೆ ಅಡ್ಡ ಬರುತ್ತಿತ್ತು. ಕಾಳಮ್ಮ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಈಗ ನಾನು ಕಚೇರಿಯ ಗ್ರಂಥಾಲಯದ ಮೂಲೆಯಲ್ಲಿದ್ದೇನೆ. ಒಂದು ಕಾಲು ಅಲುಗುತ್ತದೆ. ಸಂಜೆ ಕಿಟಕಿಯ ಬಿಸಿಲು ಬಂದಾಗ ಮೇಲೆ ಯಾರೂ ಇರುವುದಿಲ್ಲ. ಆದರೂ ಹಗುರವಾದ ಬರಿಗಾಲುಗಳ ಭಾರ ತಿಳಿದಂತಾಗಿ, ನಾಲ್ಕೂ ಕಾಲೂರಿ ನಿಲ್ಲುತ್ತೇನೆ.