ಒಂದು ಚುಕ್ಕೆ, ಎರಡು ಚುಕ್ಕೆ

ಪೆಟ್ರೋಲಿನಲ್ಲಿ ತೊಳೆದ ಪಿಸ್ಟನ್ನನ್ನು ಒರೆಸುತ್ತಿದ್ದ ದೇವಿಂದ್ರಪ್ಪನ ಕೈ ನಿಂತುಬಿಟ್ಟಿತು. ಪಿಸ್ಟನ್ನಿನ ಅಂಚಿನಲ್ಲಿ ಒಂದು ಚುಕ್ಕೆ. ಅದು ಈವರೆಗೆ ಕೂತಿದ್ದ ಮುಚ್ಚಳದ ಮೇಲೆ ಎರಡು ಚುಕ್ಕೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಚುಕ್ಕೆಗಳೇನೂ ಬದಲಾಗಲಿಲ್ಲ.

ಕಮಲಾಪುರದ ಮಹಾದೇವಪ್ಪ ಸಾಹುಕಾರರ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿಗೆ ಜೋಡಿ ಕಾರ್ಬೊರೇಟರು. ಒಂದೊಂದು ಪಿಸ್ಟನ್ನೂ ತನ್ನ ಮುಚ್ಚಳಕ್ಕೆ ಮಾತ್ರ ಹೊಂದುವಂಥದ್ದು. ಅದಲುಬದಲಾದರೆ ಸಿಕ್ಕಿಕೊಳ್ಳುತ್ತದೆ, ಇಂಜಿನ್ ಮುಗ್ಗರಿಸಿ ಕರಿ ಹೊಗೆ ಉಗುಳುತ್ತದೆ. ಅದಕ್ಕೇ ಬಿಚ್ಚುವಾಗ ಪಂಚ್ ಉಳಿಯಿಂದ ಒಂದು ಜೋಡಿಗೆ ಒಂದು, ಇನ್ನೊಂದಕ್ಕೆ ಎರಡು ಗುರುತಿನ ಚುಕ್ಕೆ ಹೊಡೆಯಲು ಗ್ಯಾರೇಜಿನ ಉಸ್ತಾದರು ಕಲಿಸಿದ್ದರು. ಇಪ್ಪತ್ತೆಂಟು ವರ್ಷದ ಹಿಂದೆ ಇವನ್ನು ಬಿಚ್ಚಿ ತೊಳೆದವನು ದೇವಿಂದ್ರಪ್ಪನೇ. ಚುಕ್ಕೆ ಹೊಡೆದಿದ್ದ, ಜೋಡಿಸುವಾಗ ನೋಡಿರಲಿಲ್ಲ. ಆಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ.

ಆ ವಾರವೇ ಕಾರು ನಡುದಾರಿಯಲ್ಲಿ ನಿಂತಿತ್ತು. ಡ್ರೈವರ್ ಪರ್ವೇಜ್ ಪೆಟ್ರೋಲ್ ಮಾರಿಕೊಂಡು ಸೀಮೆಎಣ್ಣೆ ಬೆರೆಸಿದ್ದಾನೆಂದು ಸಾಹುಕಾರರು ನಾಲ್ಕು ಜನರೆದುರು ಅವನನ್ನು ಕೆಲಸದಿಂದ ಬಿಡಿಸಿದರು, ಕಾರನ್ನು ಶೆಡ್ಡಿಗೆ ತಳ್ಳಿಸಿದರು. "ಹೊಗಿ ನೋಡಿದ್ರ ಚಿಮಣಿ ಎಣ್ಣೀನ ರೀ" ಎಂದು ಸಾಕ್ಷಿ ಹೇಳಿದವನು ದೇವಿಂದ್ರಪ್ಪ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವನೊಬ್ಬ, ನೀರು ಕುಡಿದವನು ಇನ್ನೊಬ್ಬ.

ಇಷ್ಟು ವರ್ಷದ ಮೇಲೆ ಕಾರನ್ನು ಮತ್ತೆ ಓಡಿಸಬೇಕೆಂದು ಸಾಹುಕಾರರು ಹೇಳಿಕಳಿಸಿದ್ದಕ್ಕೆ ಇವನ್ನು ಕಳಚಿ ತಂದಿದ್ದ. ಈಗ ಸರಿಯಾಗಿ ಜೋಡಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಪನೂರಿನ ತನ್ನ ತಗಡಿನ ಗ್ಯಾರೇಜಿನಲ್ಲಿ ಕೂತು ತನ್ನ ಕೈಗಳನ್ನು ತಾನೇ ನೋಡಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

ಮರುದಿನ ಕಮಲಾಪುರದಲ್ಲಿ ಕಾರ್ಬೊರೇಟರು ಕೂರಿಸಿ, ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ ಚಾವಿ ತಿರುಗಿಸಿದಾಗ ಇಂಜಿನ್ ಸಲೀಸಾಗಿ ನಡೆಯಿತು. ಮಹಾದೇವಪ್ಪ ಕೋಲೂರಿ ಹತ್ತಿರ ಬಂದರು.

"ಕೇಳಿದಿಲ್ಲೋ ದೇವಿಂದ್ರ, ಪೆಟ್ರೋಲ್ ಖರೇ ಇದ್ರ ಹಿಂಗ ನಡೀತದ. ಆ ಪರ್ವೇಜ್ ಹಾಳ ಮಾಡಿದ್ದ."

"ಆಂವಲ್ರೀ ಸಾವ್ಕಾರ್ರ. ನಾನು." ದೇವಿಂದ್ರಪ್ಪ ಚುಕ್ಕೆಗಳ ಸಂಗತಿಯನ್ನೆಲ್ಲ ಹೇಳಿದ.

"ಇಷ್ಟ ದಿನ ಗೊತ್ತಿತ್ತೇನು?"

"ಇಲ್ರಿ. ನಿನ್ನಿ ಬಿಚ್ಚಿದಾಗ ಗೊತ್ತಾತು."

ಮುದುಕರು ಕೈಯಾರೆ ಬಾನೆಟ್ಟು ಮುಚ್ಚಿದರು. ಆಮೇಲೆ ಎಡಗಡೆಯ ಸೀಟಿನಲ್ಲಿ ಕೂತು, "ನಡಿ, ಬಸ್ ಸ್ಟ್ಯಾಂಡಿಗೆ" ಎಂದರು.

ಬಸ್ ಸ್ಟ್ಯಾಂಡಿನೆದುರು ಪರ್ವೇಜ್ ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾನೆ. ದೇವಿಂದ್ರಪ್ಪ ಕಾರಿನಿಂದಿಳಿದು ಕೈಮುಗಿದು ಹೇಳುವಷ್ಟು ಹೊತ್ತೂ ಅವನು ಹಣ್ಣು ಜೋಡಿಸುತ್ತಲೇ ಇದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು.

"ನಂಗ್ಯಾಕ ಹೇಳ್ತೀರಿ? ನಾ ಎಣ್ಣಿ ಕಲಸಿಲ್ಲಂತ ನಂಗ ಅವತ್ತ ಗೊತ್ತಿತ್ತು" ಎಂದ. ಆಮೇಲೆ ದನಿ ತಗ್ಗಿಸಿ, "ಮನ್ಯಾಗ ನನ್ನ ಹೆಂಡ್ತಿ ಫರೀದಾ ಅದಾಳ, ಆಕಿಗಿ ಹೇಳ್ರಿ. ಖರೇನ ಕಲಸಿರೇನು ಅಂತ ಒಮ್ಮೆ ಕೇಳಿದ್ಲು. ಇಲ್ಲಂದೆ. ಮತ್ತ ಕೇಳಲಿಲ್ಲ. ನಂಬಿದ್ಲೋ ಇಲ್ಲೋ, ನಾನೂ ಕೇಳಲಿಲ್ಲ" ಎಂದ.

ಮಹಾದೇವಪ್ಪನವರ ಕಣ್ಣು ತುಂಬಿದ್ದವು. "ಕಾರ್ ನೀನ ಹೊಡಿ, ಪರ್ವೇಜ್. ನಿಮ್ಮ ಮನಿಗಿ ನಡಿ."

ದೇವಿಂದ್ರಪ್ಪ ಡ್ರೈವರ್ ಸೀಟಿನ ಬಾಗಿಲು ತೆರೆದು ಹಿಡಿದ. ಪರ್ವೇಜ್ ಬೇಡವೆಂದು ತಲೆಯಾಡಿಸಿ, ಹಣ್ಣಿನ ಮೇಲೆ ಗೋಣಿತಟ್ಟು ಹೊದಿಸಿ, ಮನೆಯ ಕಡೆಗೆ ನಡೆಯತೊಡಗಿದ. ದೇವಿಂದ್ರಪ್ಪ ಮತ್ತೆ ಹತ್ತಿ ಫಸ್ಟ್ ಗೇರಿಗೆ ಹಾಕಿದ. ಹಾರ್ನ್ ಮಾಡದೆ, ಎಲ್ಲೂ ಮುಗ್ಗರಿಸದೆ, ಕಾರು ಪರ್ವೇಜನ ಹಿಂದೆ ಅವನ ನಡಿಗೆಯ ವೇಗದಲ್ಲೇ ಹೋಯಿತು.